ಅಪಘಾತ ಪರಿಹಾರ: ಮೊದಲು ಸಿಗುವ ಹಣ, ಮುಂದೆ ಉಳಿಯುವ ಹಕ್ಕು

ಪುಣೆ ನಗರದ ಅಂಚಿನಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಮುಂಬೈಯನ್ನು ಬೆಂಗಳೂರಿನೊಡನೆ ಜೋಡಿಸುತ್ತದೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯ ಕಡೆಗೆ ಇಳಿಯುವ ಇದರ ಭಾಗವು ಅಪಘಾತಗಳಿಗೆ ಹೆಸರಾಗಿದೆ. 2022ರ ನವೆಂಬರ್ 20ರಂದು ಇಲ್ಲಿ ನಡೆದ ಒಂದೇ ಸರಣಿ ಅಪಘಾತದಲ್ಲಿ ಅನೇಕ ವಾಹನಗಳು ಜಖಂಗೊಂಡವು. ವಿಜಯಪುರ, ಕಲಬುರಗಿ ಮುಂತಾದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೂ ಕೂಲಿಗೂ ಪುಣೆಗೆ ಬರುವ ಕನ್ನಡಿಗರು ಅನೇಕರು. ಅಂತಹ ಕುಟುಂಬದಲ್ಲಿ ದುಡಿಯುವವನು ಗಾಯಗೊಂಡು ಹಾಸಿಗೆ ಹಿಡಿದರೆ ವರಮಾನ ನಿಲ್ಲುತ್ತದೆ. ಖರ್ಚು ಮಾತ್ರ ಅದೇ ದಿನ ಆರಂಭವಾಗುತ್ತದೆ. ನ್ಯಾಯಮಂಡಳಿಯ ಅಂತಿಮ ತೀರ್ಪಿಗೆ ವರ್ಷಗಳೇ ಹಿಡಿಯಬಹುದು. ಈ ನಡುವಿನ ಕಾಲದಲ್ಲಿ ಕಾನೂನಿನಂತೆ ಯಾವ ಹಣ ದೊರೆಯುತ್ತದೆ, ಅದನ್ನು ಪಡೆದರೆ ಮುಂದಿನ ಹಕ್ಕು ಉಳಿಯುತ್ತದೆಯೇ ಎಂಬುದನ್ನು ಪ್ರತಿಯೊಬ್ಬರೂ ಅರಿತಿರುವುದು ಅಗತ್ಯ.

ಹಿಂದಿನ ವ್ಯವಸ್ಥೆ

ತಪ್ಪು ಯಾರದೆಂದು ವಿಚಾರಿಸದೆ ಗಾಯಾಳುವಿಗೆ ನಿಗದಿತ ಹಣ ನೀಡುವ ತತ್ತ್ವವು 1982ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿತು. 1988ರ ಕಾಯ್ದೆಯ 140ನೇ ಕಲಂ ಅದನ್ನು ಮುಂದುವರಿಸಿತು. 1994ರ ತಿದ್ದುಪಡಿಯ ನಂತರ ಈ ಮೊತ್ತವು ಮರಣಕ್ಕೆ 50,000 ರೂಪಾಯಿ, ಶಾಶ್ವತ ಅಂಗವಿಕಲತೆಗೆ 25,000 ರೂಪಾಯಿ ಆಗಿತ್ತು. ಈ ಹಣವನ್ನು ಪಡೆದ ಮೇಲೂ ಮುಖ್ಯ ಅರ್ಜಿ ಮುಂದುವರಿಯುತ್ತಿತ್ತು. ಅಂತಿಮ ಪರಿಹಾರದಲ್ಲಿ ಇಷ್ಟನ್ನು ಕಳೆದು ಉಳಿದುದನ್ನು ಕೊಡಲಾಗುತ್ತಿತ್ತು.

2019ರ ತಿದ್ದುಪಡಿಯು ಈ ಕಲಮನ್ನು ಕೈಬಿಟ್ಟಿತು. ಆ ಬದಲಾವಣೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. “ಮೊದಲು ಸ್ವಲ್ಪ ಹಣ ತೆಗೆದುಕೊಳ್ಳೋಣ, ಮೊಕದ್ದಮೆ ಹೇಗೂ ನಡೆಯುತ್ತದೆ” ಎಂಬ ಹಳೆಯ ತಿಳಿವಳಿಕೆ ಈಗ ಎಲ್ಲ ಸಂದರ್ಭಗಳಲ್ಲೂ ಸರಿಯಲ್ಲ.

ಮೊದಲ ಏಳು ದಿನಗಳ ಚಿಕಿತ್ಸೆ

ಆರಂಭದ ದಿನಗಳಲ್ಲಿ ಕುಟುಂಬವನ್ನು ಸಾಲಕ್ಕೆ ದೂಡುವುದು ಆಸ್ಪತ್ರೆಯ ವೆಚ್ಚ. 2025ರ ಮೇ 5ರಂದು ಕೇಂದ್ರ ಸರ್ಕಾರವು ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಮೋಟಾರು ವಾಹನದಿಂದಾದ ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಯ ಮಿತಿಯಲ್ಲಿ, ನಿಯೋಜಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯಬೇಕು. ಈ ನೆರವನ್ನು ಪಡೆದುದರಿಂದ ಪರಿಹಾರ ಕೇಳುವ ಹಕ್ಕು ಇಲ್ಲವಾಗುವುದಿಲ್ಲ. ತುರ್ತು ಸಹಾಯಕ್ಕೆ 112 ಸಂಖ್ಯೆಗೆ ಕರೆ ಮಾಡಬಹುದು.

ಪೊಲೀಸ್ ವರದಿಯ ಮಹತ್ವ

2022ರಿಂದ ಜಾರಿಯಲ್ಲಿರುವ ನಿಯಮಗಳಂತೆ ತನಿಖಾಧಿಕಾರಿಯು ಪ್ರಥಮ ಅಪಘಾತ ವರದಿಯನ್ನು 48 ಗಂಟೆಗಳಲ್ಲಿಯೂ, ಮಧ್ಯಂತರ ವರದಿಯನ್ನು 50 ದಿನಗಳಲ್ಲಿಯೂ, ವಿವರವಾದ ವರದಿಯನ್ನು 90 ದಿನಗಳಲ್ಲಿಯೂ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಈ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿಯು ಪರಿಗಣಿಸಬಹುದು. ವಿಮಾ ಕಂಪನಿಯ ನಿಯೋಜಿತ ಅಧಿಕಾರಿಯು ಇದರ ಆಧಾರದ ಮೇಲೆ ಗಾಯಾಳುವಿಗೆ ಒಂದು ಮೊತ್ತವನ್ನು ಸೂಚಿಸುತ್ತಾನೆ. ಅದನ್ನು ಒಪ್ಪಿದರೆ ಆ ಒಪ್ಪಿಗೆಯನ್ನು ನ್ಯಾಯಮಂಡಳಿಯು ದಾಖಲಿಸುತ್ತದೆ ಮತ್ತು 30 ದಿನಗಳೊಳಗೆ ಹಣ ಪಾವತಿಯಾಗಬೇಕು. ಒಪ್ಪದಿದ್ದರೆ ವಿಚಾರಣೆಗೆ ದಿನ ಗೊತ್ತಾಗುತ್ತದೆ. ಒಪ್ಪಲೇಬೇಕೆಂಬ ಕಡ್ಡಾಯವಿಲ್ಲ.

ಎರಡೂವರೆ ಲಕ್ಷ: ಮುಂಗಡವಲ್ಲ, ಮುಕ್ತಾಯ

ಈಗಿನ 164ನೇ ಕಲಮಿನ ಪ್ರಕಾರ, ಎದುರಾಳಿಯ ನಿರ್ಲಕ್ಷ್ಯವನ್ನು ರುಜುವಾತುಪಡಿಸದೆಯೇ ಮರಣಕ್ಕೆ 5 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. ಮೂಳೆ ಮುರಿತವೂ ತೀವ್ರ ಗಾಯವೇ. ಆದರೆ ವಿಮಾ ಕಂಪನಿಯಿಂದ ಈ ಕಲಮಿನ ಪರಿಹಾರವನ್ನು ಒಪ್ಪಿ ಸ್ವೀಕರಿಸಿದರೆ, ನ್ಯಾಯಮಂಡಳಿಯ ಮುಂದಿರುವ ಅರ್ಜಿಯು ರದ್ದಾಗುತ್ತದೆಂದು 166ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ತಿಂಗಳಿಗೆ 18,000 ರೂಪಾಯಿ ದುಡಿಯುತ್ತಿದ್ದ 30 ವರ್ಷದ ಗಾರೆ ಕೆಲಸಗಾರನೊಬ್ಬನು ಬೇರೊಬ್ಬರ ತಪ್ಪಿನಿಂದ ಗಾಯಗೊಂಡು, ಅವನ ದುಡಿಮೆಯ ಸಾಮರ್ಥ್ಯವು ಶೇಕಡಾ 40ರಷ್ಟು ಶಾಶ್ವತವಾಗಿ ಕುಗ್ಗಿತೆಂದು ಭಾವಿಸೋಣ. ಅವನ ವಾರ್ಷಿಕ ವರಮಾನ 2,16,000 ರೂಪಾಯಿ. ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ನೀಡಿದ ಕೋಷ್ಟಕದಂತೆ ಈ ವಯಸ್ಸಿಗೆ ಗುಣಕ 17. ಗುಣಿಸಿದರೆ 36,72,000, ಅದರ ಶೇಕಡಾ 40 ಎಂದರೆ 14,68,800 ರೂಪಾಯಿ. ಚಿಕಿತ್ಸೆಯ ವೆಚ್ಚ, ನೋವಿನ ಪರಿಹಾರ, ಮುಂದೆ ಹೆಚ್ಚಬಹುದಾಗಿದ್ದ ವರಮಾನ ಇವು ಇದಕ್ಕೆ ಹೊರತು. ಎರಡೂವರೆ ಲಕ್ಷಕ್ಕೆ ಒಪ್ಪಿದವನು ಇದನ್ನೆಲ್ಲ ಬಿಟ್ಟುಕೊಟ್ಟಂತೆ.

ಹಾಗೆಂದು 164ನೇ ಕಲಂ ನಿರುಪಯುಕ್ತವಲ್ಲ. ಎದುರಾಳಿಯ ನಿರ್ಲಕ್ಷ್ಯಕ್ಕೆ ಸಾಕ್ಷ್ಯ ದೊರೆಯದಿದ್ದಾಗ, ಇಲ್ಲವೆ ಗಾಯವು ತೀವ್ರವಾಗಿದ್ದರೂ ಪೂರ್ಣವಾಗಿ ವಾಸಿಯಾಗುವಂತಿದ್ದಾಗ ಈ ದಾರಿಯೇ ಲೇಸಾಗಬಹುದು. ಅಂಗವಿಕಲತೆಯ ಪ್ರಮಾಣವನ್ನು ವೈದ್ಯರು ನಿರ್ಧರಿಸುವ ಮುನ್ನ ಅವಸರದಿಂದ ಒಪ್ಪುವುದು ಮಾತ್ರ ಹಾನಿಕರ.

ವಾಹನದ ಗುರುತು ಸಿಗದಿದ್ದರೆ

ಡಿಕ್ಕಿ ಹೊಡೆದು ಪರಾರಿಯಾದ ವಾಹನದ ಪತ್ತೆಯಾಗದಿದ್ದಲ್ಲಿ 161ನೇ ಕಲಂ ಹಾಗೂ 2022ರ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಅಪಘಾತ ನಡೆದ ಪ್ರದೇಶದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು. ಮುಂದೆ ವಾಹನವು ಪತ್ತೆಯಾಗಿ ಬೇರೆ ಪರಿಹಾರ ದೊರೆತರೆ, ಮೊದಲು ಪಡೆದ ಮೊತ್ತವನ್ನು ಅದರಿಂದ ಹಿಂದಿರುಗಿಸಬೇಕಾಗುತ್ತದೆ. ಎಂದರೆ ಈ ಹಣವು ಹೆಚ್ಚಿನ ಹಕ್ಕನ್ನು ಕಸಿಯುವುದಿಲ್ಲ.

ಕೆಲಸದ ಸ್ಥಳದ ಅಪಘಾತ

ಕಟ್ಟಡದ ಸಾರುವೆಯಿಂದ ಬಿದ್ದವರಿಗೂ ಕಾನೂನಿನ ರಕ್ಷಣೆಯಿದೆ. ಹೊಣೆಯ ಪ್ರಮಾಣದ ಬಗ್ಗೆ ಮಾಲೀಕನಿಗೆ ತಕರಾರಿದ್ದರೂ, ತಾನು ಒಪ್ಪಿದಷ್ಟು ಮೊತ್ತವನ್ನು ತಾತ್ಕಾಲಿಕವಾಗಿ ಪಾವತಿ ಮಾಡಲೇಬೇಕೆಂದು 1923ರ ಪರಿಹಾರ ಕಾಯ್ದೆಯು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ. ಈ ಪಾವತಿಯನ್ನು ಪಡೆದರೂ ಉಳಿದ ಮೊತ್ತಕ್ಕಾಗಿ ಕೆಲಸಗಾರನು ಮುಂದುವರಿಯಬಹುದು. ಕೆಲಸದ ವೇಳೆ ಮೋಟಾರು ವಾಹನದಿಂದಲೇ ಗಾಯವಾಗಿದ್ದರೆ ಎರಡು ಕಾನೂನುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಅರ್ಜಿ ಎಲ್ಲಿ, ಎಂದು

ಅಪಘಾತವು ಪುಣೆಯಲ್ಲಿ ನಡೆದರೂ ಅರ್ಜಿಯನ್ನು ಅಲ್ಲಿಯೇ ಹಾಕಬೇಕೆಂಬ ನಿರ್ಬಂಧವಿಲ್ಲ. ಅರ್ಜಿದಾರನು ವಾಸಿಸುವ ಸ್ಥಳದ ನ್ಯಾಯಮಂಡಳಿಗೂ ಸಲ್ಲಿಸಬಹುದು. ಚಿಕಿತ್ಸೆಯ ನಂತರ ಊರಿಗೆ ಮರಳಿ ನೆಲೆಸಿದ ಇಂಡಿ ಅಥವಾ ಅಫಜಲಪುರದ ಕುಟುಂಬಕ್ಕೆ ಇದು ದೊಡ್ಡ ಅನುಕೂಲ. ಕಾಯ್ದೆಯು ಆರು ತಿಂಗಳ ಗಡುವನ್ನು ಹೇಳುವುದರಿಂದ ವಿಳಂಬ ಸಲ್ಲದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಹಾಗೂ ಕಡಿಮೆ ವರಮಾನದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಪಡೆಯಬಹುದು. ಸಹಾಯವಾಣಿ ಸಂಖ್ಯೆ 15100.

ಸಹಿ ಮಾಡುವ ಮುನ್ನ

ಪುಣೆಯ ಪೊಲೀಸ್ ಠಾಣೆಯ ಕಾಗದಪತ್ರಗಳು ಸಾಮಾನ್ಯವಾಗಿ ಮರಾಠಿಯಲ್ಲಿರುತ್ತವೆ. ವಿಮಾ ಕಂಪನಿಯವು ಇಂಗ್ಲಿಷಿನಲ್ಲಿರಬಹುದು. ಬಲ್ಲವರಿಂದ ಓದಿಸಿ, ಅರ್ಥ ಕೇಳಿಕೊಳ್ಳದೆ ಸಹಿಯನ್ನಾಗಲಿ ಹೆಬ್ಬೆಟ್ಟಿನ ಗುರುತನ್ನಾಗಲಿ ಹಾಕಬಾರದು. ಹಣ ನೀಡಲು ಬಂದವರನ್ನು ಎರಡು ಪ್ರಶ್ನೆ ಕೇಳಬೇಕು: ಈ ಹಣವು ಯಾವ ಕಲಮಿನ ಅಡಿಯಲ್ಲಿ ಬರುತ್ತಿದೆ? ಇದನ್ನು ಪಡೆದ ಮೇಲೆ ಅರ್ಜಿ ಉಳಿಯುತ್ತದೆಯೇ? ಇವುಗಳಿಗೆ ಬರಹದಲ್ಲಿ ಉತ್ತರ ದೊರೆಯುವವರೆಗೆ ಕಾಯುವುದರಿಂದ ಕೆಲವು ದಿನಗಳ ತೊಂದರೆಯಾಗಬಹುದು. ಕೇಳದೆ ಸಹಿ ಹಾಕಿದರೆ ಆಗುವ ನಷ್ಟವನ್ನು ಆ ಕುಟುಂಬವು ಬಹುಕಾಲ ಭರಿಸಬೇಕಾದೀತು.