ಪಿತ್ತಕೋಶದ ಕಲ್ಲು: ದಂಪತಿಗಳು ತಿಳಿಯಬೇಕಾದುದು

ಬಲಪಕ್ಕೆಯ ಎಲುಬುಗಳ ಮರೆಯಲ್ಲಿ, ಯಕೃತ್ತಿನ ಅಡಿಗೆ ಅಂಟಿಕೊಂಡು, ಎಳೆಯ ಬದನೆಕಾಯಿಯ ಆಕಾರದ ಒಂದು ಚಿಕ್ಕ ಚೀಲವಿದೆ. ಇದೇ ಪಿತ್ತಕೋಶ. ಯಕೃತ್ತು ತಯಾರಿಸಿದ ಪಿತ್ತರಸವು ಇಲ್ಲಿ ಸಂಗ್ರಹವಾಗಿದ್ದು, ಜಿಡ್ಡಿನ ಊಟವಾದೊಡನೆ ಕರುಳಿಗೆ ಇಳಿಯುತ್ತದೆ. ಈ ರಸದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬಿನ ಅಂಶ ಮಿತಿಮೀರಿದರೆ, ಕಾಕಂಬಿಯ ತಳದಲ್ಲಿ ಸಕ್ಕರೆ ಹರಳುಗಟ್ಟುವಂತೆ ಅದು ಹರಳುಗಟ್ಟಿ ಕಲ್ಲಾಗುತ್ತದೆ. ಬಸುರಿನಲ್ಲಿ ಪಿತ್ತಕೋಶವು ಪೂರ್ತಿ ಬರಿದಾಗದ ಕಾರಣ ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲಿಯೂ ಹಲವು ಹೆರಿಗೆಯಾದವರಲ್ಲಿ, ಈ ಕಲ್ಲು ಹೆಚ್ಚು.

ಗರ್ಭಿಣಿಯ ಸ್ಕ್ಯಾನಿಂಗ್ ಮಾಡುವಾಗ ಕಲ್ಲು ಆಕಸ್ಮಿಕವಾಗಿ ಕಂಡುಬರುವುದುಂಟು. ನೋವಿಲ್ಲದಿದ್ದರೆ ಗಾಬರಿಪಡಬೇಕಾಗಿಲ್ಲ, ಇಂಥವರಲ್ಲಿ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ. ಆದರೆ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಅಥವಾ ಎದೆಗುಳಿಯಲ್ಲಿ ನೋವೆದ್ದು, ಬೆನ್ನಿಗೂ ಬಲಭುಜಕ್ಕೂ ಹರಡಿ, ಗಂಟೆಗಟ್ಟಲೆ ನಿಂತು ಹೋಗುವುದಾದರೆ ಅದನ್ನು ವಾಯುವೆಂದು ಸೋಡಾ ಕುಡಿದು ಕಳೆಯಬಾರದು. ಬಾಳೆದಿಂಡಿನ ರಸವನ್ನು ನಂಬಿ ತಿಂಗಳುಗಟ್ಟಲೆ ಕುಳಿತವರೂ ಇದ್ದಾರೆ. ಮೂತ್ರಪಿಂಡದ ಸಣ್ಣ ಕಲ್ಲು ಮೂತ್ರದೊಡನೆ ಹೊರಬೀಳಬಹುದು. ಪಿತ್ತಕೋಶಕ್ಕೂ ಮೂತ್ರನಾಳಕ್ಕೂ ಸಂಬಂಧವೇ ಇಲ್ಲ.

ನೋವಿನೊಡನೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಒಂದು ದಿನವನ್ನೂ ಕಳೆಯದಿರಿ. ಕಲ್ಲು ನಾಳವನ್ನು ಮುಚ್ಚಿ ಬಂದ ಕಾಮಾಲೆಗೆ ನಾಟಿ ಔಷಧಿ ಕುಡಿಸುವುದೆಂದರೆ ಪ್ರಾಣದೊಡನೆ ಆಟವಾಡಿದಂತೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು ಮಾತ್ರ. ಆದರೆ ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಊರವರಿಗೆ ಮಳೆಗಾಲದ ರಾತ್ರಿ ಆ ದಾರಿ ಬಹು ದೂರ. ಆದುದರಿಂದ ಎರಡು ಮೂರು ಸಲ ನೋವು ಬಂದವರು ಭತ್ತದ ನಾಟಿ ಮುಗಿಯಲೆಂದು ಕಾಯದೆ, ಮಳೆ ಹಿಡಿಯುವ ಮೊದಲೇ ಖಾನಾಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಯ ಚೀಟಿ ಪಡೆದು ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಹೋಗುವುದು ಲೇಸು. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಅಲ್ಲಿಯೇ ವಿಚಾರಿಸಿರಿ. ತುರ್ತಿಗೆ 108ಕ್ಕೆ ಕರೆ ಮಾಡಿರಿ.

ಕಲ್ಲನ್ನಷ್ಟೇ ತೆಗೆದರೆ ಅದು ಮತ್ತೆ ಬೆಳೆಯುತ್ತದೆ. ಆದುದರಿಂದ 1882ರಲ್ಲಿ ಬರ್ಲಿನ್ನಿನ ವೈದ್ಯ ಲಾಂಗೆನ್‌ಬುಖ್ ಚೀಲವನ್ನೇ ತೆಗೆದರು. ಇಂದಿಗೂ ಅದೇ ಕ್ರಮ. 1990ರಲ್ಲಿ ಮುಂಬಯಿಯಲ್ಲಿ ಡಾ. ಉದ್ವಾಡಿಯಾ ಅವರು ಲ್ಯಾಪ್ರೋಸ್ಕೋಪ್ ಎಂಬ ದರ್ಶಕ ನಳಿಕೆಯಿಂದ ಇದನ್ನು ನಮ್ಮ ದೇಶದಲ್ಲಿ ಆರಂಭಿಸಿದರು. ಈಗ ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರಗಳು ಸಾಕು. ಕೆಲವೊಮ್ಮೆ ಮಾತ್ರ ಹೊಟ್ಟೆಯನ್ನು ತೆರೆಯಬೇಕಾಗುತ್ತದೆ. ಚೀಲವಿಲ್ಲದಿದ್ದರೂ ಪಿತ್ತರಸವು ಯಕೃತ್ತಿನಿಂದ ನೇರವಾಗಿ ಕರುಳಿಗೆ ಹರಿಯುವುದರಿಂದ ಊಟ ಪಚನವಾಗುತ್ತದೆ.

ಆಪರೇಷನ್ ಎಂದೊಡನೆ ನಮ್ಮ ಹಳ್ಳಿಗಳಲ್ಲಿ ಸಂತಾನ ಶಸ್ತ್ರಚಿಕಿತ್ಸೆಯೇ ನೆನಪಾಗುತ್ತದೆ. ಎರಡಕ್ಕೂ ಒಂದೇ ಬಗೆಯ ನಳಿಕೆ ಬಳಸುವುದರಿಂದ ಈ ಗೊಂದಲ ಸಹಜವೇ. ಆದರೆ ಇಲ್ಲಿ ಗರ್ಭಕೋಶವನ್ನಾಗಲಿ ಗರ್ಭನಾಳವನ್ನಾಗಲಿ ಮುಟ್ಟುವುದಿಲ್ಲ. ಮುಂದೆ ಮಕ್ಕಳಾಗಲು, ದಾಂಪತ್ಯ ಜೀವನಕ್ಕೆ ಯಾವ ಅಡ್ಡಿಯೂ ಇಲ್ಲ. ಸೊಸೆಗೆ ಇನ್ನೂ ಗಂಡುಮಗುವಾಗಿಲ್ಲವೆಂದು ಅತ್ತೆಯವರು ಚಿಕಿತ್ಸೆಯನ್ನು ತಡೆಯುವುದು ಸರ್ವಥಾ ಸಲ್ಲದು. ಗರ್ಭಿಣಿಗೆ ನೋವು ಮರುಕಳಿಸಿದರೆ 4ರಿಂದ 6ನೆಯ ತಿಂಗಳಿನೊಳಗೆ ಶಸ್ತ್ರಚಿಕಿತ್ಸೆ ಮಾಡಬಹುದು. ಕಲ್ಲಿನ ನೋವಿರುವಾಗ ಮಾಲಾ-ಎನ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿರಿ. ಕಾಪರ್-ಟಿ ವಂಕಿ ಅಥವಾ ನಿರೋಧ್ ಹೆಚ್ಚು ಸೂಕ್ತ.

ಎಲ್ಲವೂ ಸರಿಯಾಗಿದ್ದರೆ ಒಂದೆರಡು ದಿನಗಳಲ್ಲಿ ಮನೆಗೆ ಮರಳಬಹುದು. ಬಳಿಕ ಕೆಲವು ವಾರ ನೀರಿನ ಕೊಡ, ಹುಲ್ಲಿನ ಹೊರೆ ಪತಿಯ ಪಾಲಿಗಿರಲಿ. ಗಾಯ ತೋರಿಸಲು ಹೋದಾಗ, ತೆಗೆದ ಚೀಲದ ಪರೀಕ್ಷಾ ವರದಿಯನ್ನು ಕೇಳಿ ಪಡೆದು ತಾಯಿ ಕಾರ್ಡಿನೊಡನೆ ಇಟ್ಟುಕೊಳ್ಳಿರಿ.