ಉಚ್ಚಾರಕ್ಕೊಂದು ಗೆರೆ, ಅರ್ಥಕ್ಕೆ ಇನ್ನೊಂದು

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಟ್ಯೂಷನ್‌ದಾಗ ಇಂಗ್ಲಿಷ್ ಶಬ್ದ ಎಲ್ಲಾ ತುಂಡು ತುಂಡು ಮಾಡಿ, ನಡುವ ಗೆರಿ ಹಾಕಿ ಬರಸ್ತಾರ. ಈಗ ತಡವರಿಸದೇ ಓದ್ತಾಳ. ಆದ್ರ ‘ಹಂಗಂದ್ರೇನವ್ವಾ?’ ಅಂತ ಕೇಳಿದ್ರ ಸುಮ್ಮನಾಗ್ತಾಳ. ಡಿಕ್ಷನರಿದಾಗ ಗೆರಿ ಬ್ಯಾರೆ ಕಡಿ ಅವ ಅಂತಾಳ. ನಾನು ಏಳನೇ ತನಕ ಕಲ್ತಾಕಿ. ಹೆಂಗ ಹೇಳಿಕೊಡ್ಲಿ?
– ಒಬ್ಬ ತಾಯಿ, ಚಿಮ್ಮನಚೋಡ

ಉತ್ತರ: ಅಕ್ಕಾ, ಮಗಳು ಅರ್ಧ ದಾರಿ ಸರಿಯಾಗಿಯೇ ಬಂದಿದ್ದಾಳೆ. ಹಾಗೆ ಒಡೆದು ಬರೆದರೆ ಉಚ್ಚಾರ ತಿದ್ದುತ್ತದೆ, ಉದ್ದದ ಸ್ಪೆಲಿಂಗೂ ನೆನಪಿನಲ್ಲಿ ನಿಲ್ಲುತ್ತದೆ. ಅರ್ಥ ಬೇಕೆಂದರೆ ಪದವನ್ನು ಬೇರೆ ಕಡೆ ಬಿಡಿಸಬೇಕು.

ಇದು ಅವಳಿಗೆ ಹೊಸದೇನಲ್ಲ. ಕನ್ನಡ ಪಾಠದಲ್ಲಿ ಪ್ರಸ್ತಾರ ಹಾಕುವಾಗ ‘ಸೂರ್ಯೋದಯ’ವನ್ನು ಸೂ-ರ್ಯೋ-ದ-ಯ ಎಂದು ಒಡೆಯುತ್ತಾಳೆ. ಸಂಧಿ ಬಿಡಿಸುವಾಗ ಸೂರ್ಯ + ಉದಯ ಎನ್ನುತ್ತಾಳೆ. ಎರಡು ಪದ ಕೂಡಿದ ಜಾಗ ‘ರ್ಯೋ’ ಒಳಗೇ ಇದೆ. ಉಚ್ಚಾರದ ಗೆರೆ ಅದನ್ನು ಮುಟ್ಟುವುದೇ ಇಲ್ಲ. ‘ಬಯಾಲಜಿ’ಯೂ ಹೀಗೆಯೇ. ಬಾಯಲ್ಲಿ ಅದು ಬ-ಯಾ-ಲ-ಜಿ. ಅರ್ಥಕ್ಕೆ ಬಿಡಿಸಿದರೆ ಗ್ರೀಕ್ ಮೂಲದ ಎರಡೇ ತುಂಡು: ‘ಬಯೋ’ ಅಂದರೆ ಜೀವ, ‘ಲಜಿ’ ಅಂದರೆ ಶಾಸ್ತ್ರ. ಇಷ್ಟು ತಿಳಿದವಳಿಗೆ ಜಿಯಾಲಜಿ, ಜೂವಾಲಜಿ, ಸೈಕಾಲಜಿಗಳಲ್ಲಿ ಅರ್ಧರ್ಧ ಆಗಲೇ ಗೊತ್ತು. ‘ಫೋಟೋಸಿಂಥೆಸಿಸ್’ ಪಕ್ಕಕ್ಕೆ ಕನ್ನಡ ಪುಸ್ತಕದ ‘ದ್ಯುತಿಸಂಶ್ಲೇಷಣೆ’ ಇಟ್ಟು ನೋಡಲಿ: ಫೋಟೋ ಅಂದರೂ ಬೆಳಕು, ದ್ಯುತಿ ಅಂದರೂ ಬೆಳಕು.

ಎಲ್ಲ ಪದಗಳೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ‘ಕಾರ್ಪೆಟ್’ನಲ್ಲಿ ಕಾರೂ ಇಲ್ಲ, ಸಾಕುಪ್ರಾಣಿಯೂ ಇಲ್ಲ. ಅಂಥವನ್ನು ವಾಕ್ಯದಲ್ಲೇ ಕಲಿಯಬೇಕು. ನಿಮ್ಮ ಸೀಮೆಯ ಮಕ್ಕಳು ತೆಲುಗು, ಉರ್ದು, ಲಂಬಾಣಿ ಮಾತನ್ನು ಕೇಳಿ ಕೇಳಿಯೇ ಕಲಿತವರಲ್ಲವೇ? ಯಾರೂ ಗೆರೆ ಹಾಕಿ ಕೊಡಲಿಲ್ಲ.

ಡಿಕ್ಷನರಿಯ ಗೆರೆಗೆ ಅವಳು ಗಾಬರಿಯಾಗಬೇಕಿಲ್ಲ. ಸಾಲಿನ ಕೊನೆಗೆ ಜಾಗ ಸಾಲದಿದ್ದರೆ ಪದವನ್ನು ಎಲ್ಲಿ ಮುರಿಯಬಹುದೆಂದು ಅಚ್ಚಿನವರಿಗೆ ತೋರಿಸುವ ಗುರುತು ಅದು. ಅದರಲ್ಲೂ ಎರಡು ಪದ್ಧತಿಗಳಿವೆ. ಅಮೆರಿಕದ ನೋವಾ ವೆಬ್‌ಸ್ಟರ್ ಮಕ್ಕಳಿಗೆಂದು 1783ರಲ್ಲಿ ತಂದ ಕಾಗುಣಿತದ ಪುಸ್ತಕ ಉಚ್ಚಾರವನ್ನು ಹಿಡಿದು ಒಡೆಯಿತು. ಬ್ರಿಟನ್ನಿನ ರೂಢಿ ಪದದ ಮೂಲದ ಕಡೆ ಹೆಚ್ಚು ವಾಲಿತು. ‘ನಾಲೆಜ್’ ಪದವನ್ನು ಅಮೆರಿಕದವರು ‘ಎಲ್’ ಆದಮೇಲೆ ಮುರಿದರೆ ಬ್ರಿಟಿಷ್ ರೂಢಿಯಲ್ಲಿ ‘ಡಬ್ಲ್ಯು’ ಆದಮೇಲೆ. ಎರಡೂ ಸರಿ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ ಪದವನ್ನು ಮುರಿಯದೆ ಮುಂದಿನ ಸಾಲಿಗೆ ಒಯ್ಯುವುದೇ ಒಳ್ಳೆಯದು.

ನಿಮಗೆ ಇಂಗ್ಲಿಷ್ ಬಾರದಿದ್ದರೂ ನಡೆಯುತ್ತದೆ. ಗದ್ದದ ಕೆಳಗೆ ಅಂಗೈ ಇಟ್ಟು ನಿಧಾನ ಓದಲು ಹೇಳಿ. ಗದ್ದ ಸಾಮಾನ್ಯವಾಗಿ ಎಷ್ಟು ಸಲ ಕೈಗೆ ತಾಗುತ್ತದೋ ಉಚ್ಚಾರದ ತುಂಡು ಅಷ್ಟು. ಆಮೇಲೆ ನೀವು ಈಗ ಕೇಳುತ್ತಿರುವ ಪ್ರಶ್ನೆಯನ್ನೇ ಕೇಳಿ, ‘ಹಂಗಂದ್ರೇನವ್ವಾ?’ ಅಂತ. ಉತ್ತರ ಇಂಗ್ಲಿಷಿನಲ್ಲಿ ಬೇಡ, ಮನೆಮಾತಿನಲ್ಲೇ ಹೇಳಲಿ. ನಿಮಗೆ ತಿಳಿಯುವ ಹಾಗೆ ಹೇಳಿದಳೆಂದರೆ ಅರ್ಥ ಅವಳಿಗೆ ದಕ್ಕಿದೆ. ತಡವರಿಸಿದರೆ ಬೈಯಬೇಡಿ; ಆ ಪದವನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟು ಮರುದಿನ ಸಾಲಿಯಲ್ಲಿ ಮೇಷ್ಟ್ರನ್ನು ಕೇಳಿಬರಲಿ.