ನೋಟ ಬೇರೆ, ವಸ್ತು ಬೇರೆ

ಕಳೆದ ವರ್ಷ ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಯಿಂದ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಕಣ್ಣೀರು ತುಂಬಿಕೊಂಡು ನನ್ನಲ್ಲಿಗೆ ಬಂದಳು. ಮೂರು ದಿನ ಶ್ರಮಪಟ್ಟು ರಚಿಸಿದ್ದ ಹುಲ್ಲುಮಾಡಿನ ಮನೆಯೂ ಮಾಡಿನ ಮೇಲಣ ಗುಬ್ಬಚ್ಚಿಯೂ ತೆರೆಯಿಂದ ಮಾಯವಾಗಿದ್ದುವು. ಹೋಗಿ ನೋಡಲಾಗಿ ಯಾವುದೂ ಅಳಿದಿರಲಿಲ್ಲ. ಮೌಸ್ ಜಾರಿ ಆಕೆಯ ನೋಟವು ಬೇರೆಲ್ಲಿಗೋ ಸರಿದುಹೋಗಿತ್ತು, ಅಷ್ಟೆ. ಹೋಮ್ ಎಂಬ ಕೀಲಿಯನ್ನು ಒತ್ತಿದೊಡನೆ ಮನೆಯೂ ಗುಬ್ಬಿಯೂ ಮರಳಿ ಕಾಣಿಸಿಕೊಂಡುವು. ಇಂತಹ ಕಣ್ಣೀರು ಇನ್ನೊಬ್ಬರಿಗೆ ಬಾರದಿರಲೆಂದು ಈ ಪಾಠವನ್ನು ಬರೆಯುತ್ತಿದ್ದೇನೆ.

ಆ ಬಾಲಿಕೆ ಉಪಯೋಗಿಸುತ್ತಿದ್ದುದು ಬ್ಲೆಂಡರ್ ಎಂಬ ತಂತ್ರಾಂಶ. ನೆದರ್ಲೆಂಡಿನ ತೋನ್ ರೋಸೆಂಡಾಲ್ ಎಂಬವರು ಆರಂಭಿಸಿದ ಇದು 2002ರಲ್ಲಿ ಮುಕ್ತ ತಂತ್ರಾಂಶವಾಯಿತು. ಮನೆಯ ಗಣಕದಲ್ಲಿ ಇದನ್ನು ಇರಿಸಿಕೊಳ್ಳಲು ಪೋಷಕರು ಒಂದು ಕಾಸನ್ನೂ ತೆರಬೇಕಾದುದಿಲ್ಲ.

ಈ ತಂತ್ರಾಂಶದಲ್ಲಿ ವಸ್ತು ಒಂದು, ಅದನ್ನು ನೋಡುವ ನಮ್ಮ ಕಣ್ಣು ಇನ್ನೊಂದು, ಚಿತ್ರವನ್ನು ತೆಗೆಯುವ ಕ್ಯಾಮರಾ ಮತ್ತೊಂದು. ಬೇಕಲದ ಕೋಟೆಯನ್ನು ಕಡಲ ತಡಿಯಲ್ಲಿ ನಿಂತು ನೋಡಿದರೆ ಒಂದು ಬಗೆ, ಒಳಗಿನ ವೀಕ್ಷಣಾ ಗೋಪುರವನ್ನೇರಿ ನೋಡಿದರೆ ಇನ್ನೊಂದು ಬಗೆ. ನಾವು ಗೋಪುರವನ್ನು ಏರಿದೆವೆಂದು ಕೋಟೆಯ ಒಂದು ಕಲ್ಲೂ ಅಲುಗಲಾರದು. ಅಂತೆಯೇ ತೆರೆಯಲ್ಲಿ ನೋಟವನ್ನು ಎಷ್ಟು ತಿರುಗಿಸಿದರೂ ವಸ್ತು ಇದ್ದಲ್ಲಿಯೇ ಇರುತ್ತದೆ.

ಮೌಸಿನ ನಡುವಣ ಚಕ್ರವನ್ನು ಒತ್ತಿ ಹಿಡಿದು ಎಳೆದರೆ ನೋಟವು ವಸ್ತುವಿನ ಸುತ್ತಲೂ ತಿರುಗುತ್ತದೆ. ಶಿಫ್ಟ್ ಕೀಲಿಯನ್ನೂ ಜತೆಯಲ್ಲಿ ಒತ್ತಿದರೆ ನೋಟವು ಪಕ್ಕಕ್ಕಾಗಲಿ ಮೇಲಕ್ಕಾಗಲಿ ಸರಿಯುತ್ತದೆ. ಚಕ್ರವನ್ನು ಉರುಳಿಸಿದರೆ ಹತ್ತಿರ ಅಥವಾ ದೂರ. ಹತ್ತಿರ ಹೋಗಹೋಗುತ್ತ ಒಮ್ಮೊಮ್ಮೆ ನೋಟವು ಸಿಕ್ಕಿಕೊಂಡಂತಾಗಿ ಮುಂದಕ್ಕೆ ಸಾಗದು. ಆಗ ಯಂತ್ರವು ಕೆಟ್ಟಿತೆಂದು ಬಗೆಯದೆ, ಬೇಕಾದ ವಸ್ತುವನ್ನು ಆರಿಸಿಕೊಂಡು ಕೀಲಿಮಣೆಯ ಬಲಗಡೆಯ ಅಂಕಿಗಳ ಗುಂಪಿನಲ್ಲಿರುವ ಚುಕ್ಕೆಯನ್ನು ಒತ್ತತಕ್ಕದ್ದು. ಇನ್ನೊಂದು ಮಾತು: ಮೌಸಿನ ಬಾಣವು ಯಾವ ಕಿಟಕಿಯ ಮೇಲಿದೆಯೋ ಕೀಲಿಯ ಆಜ್ಞೆಯು ಅಲ್ಲಿಗೇ ಹೋಗುತ್ತದೆ. ಬಾಣವು ಕೆಳಗಿನ ಕಾಲಪಟ್ಟಿಯ ಮೇಲಿರುವಾಗ ಹೋಮ್ ಒತ್ತಿದರೆ ಕಳೆದುಹೋದ ಮನೆ ಬಾರದು.

ಇನ್ನು ಗುಬ್ಬಚ್ಚಿಯ ಸಂಗತಿ. ಬಾಲಿಕೆಯ ಮನೆ ಮರಳಿ ಬಂದಿತಾದರೂ ಅದರಲ್ಲಿ ನಿಜವಾದ ದೋಷವೊಂದು ಅಡಗಿದ್ದಿತು. ಅಂಕಿಗಳ ಗುಂಪಿನ 1ನ್ನು ಒತ್ತಿದರೆ ಮುಂಭಾಗದ ನೋಟ. ಅದರಲ್ಲಿ ಗುಬ್ಬಿಯು ಮಾಡಿನ ನೆತ್ತಿಯ ಮೇಲೆ ಸೊಗಸಾಗಿ ಕುಳಿತಿದ್ದಿತು. 3ನ್ನು ಒತ್ತಿಸಿ ಬಲಪಕ್ಕದಿಂದ ನೋಡಿಸಿದೆ. ಗುಬ್ಬಿಯು ಮಾಡಿನಿಂದ ಬಹುದೂರ ಮುಂದೆ ಬರಿಯ ಗಾಳಿಯಲ್ಲಿ ತೂಗಾಡುತ್ತಿದ್ದಿತು! ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಮುಂಭಾಗದಿಂದ ನೋಡುವಾಗ ಎಡಬಲವೂ ಎತ್ತರವೂ ತಿಳಿಯುತ್ತವೆ, ಆಳ ತಿಳಿಯುವುದಿಲ್ಲ. ಇಂತಹ ನೇರ ನೋಟದಲ್ಲಿ ದೂರದ ವಸ್ತು ಚಿಕ್ಕದಾಗಿಯೂ ತೋರುವುದಿಲ್ಲವಾದ್ದರಿಂದ ಮೋಸಹೋಗುವುದು ಇನ್ನಷ್ಟು ಸುಲಭ. ರೈಲುಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವ ಸಹಜ ನೋಟಕ್ಕೂ ಈ ನೇರ ನೋಟಕ್ಕೂ ನಡುವೆ ಬದಲಾಯಿಸಲು 5 ಎಂಬ ಕೀಲಿಯಿದೆ. ಮೇಲಿನಿಂದ ನೋಡಲು 7. ಒಂದು ವಸ್ತುವನ್ನು ಇನ್ನೊಂದರ ಮೇಲಿರಿಸುವಾಗ ಎರಡು ಕಡೆಗಳಿಂದಲಾದರೂ ನೋಡದೆ ಮುಂದುವರಿಯಬಾರದು.

ಮಡಿಲಗಣಕದಲ್ಲಿ ಪ್ರತ್ಯೇಕ ಅಂಕಿಗಳ ಗುಂಪು ಇಲ್ಲದಿದ್ದರೆ ಎಡಿಟ್ ಪಟ್ಟಿಯ ಪ್ರಿಫರೆನ್ಸಸ್ ತೆರೆದು, ಇನ್‌ಪುಟ್ ವಿಭಾಗದಲ್ಲಿ ‘ಎಮ್ಯುಲೇಟ್ ನಂಪ್ಯಾಡ್’ ಎಂಬುದನ್ನು ಗುರುತಿಸಿದರೆ ಮೇಲ್ಸಾಲಿನ ಅಂಕಿಗಳೇ ಆ ಕೆಲಸವನ್ನು ಮಾಡುತ್ತವೆ. ಅದೂ ಬೇಡವೆಂದರೆ ಬಲಮೂಲೆಯ ಕೆಂಪು, ಹಸಿರು, ನೀಲಿ ಬಿಂದುಗಳನ್ನು ಒತ್ತಿದರಾಯಿತು.

ಕ್ಯಾಮರಾದ ವಿಷಯದಲ್ಲಿ ನಾನೇ ಎಡವಿದವನು. ಮನೆಯ ಅಂಗಳವನ್ನು ಬಹು ಸೊಗಸಾಗಿ ತೆರೆಯಲ್ಲಿ ಹೊಂದಿಸಿಕೊಂಡು, ಚಿತ್ರವಾಗಲೆಂದು ಎಫ್ 12ನ್ನು ಒತ್ತಿದೆ. ಬಂದುದು ಬರಿಯ ಬೂದುಬಣ್ಣ. ನನ್ನ ಕಣ್ಣು ಅಂಗಳದಲ್ಲಿದ್ದಿತು, ಕ್ಯಾಮರಾ ಹಳೆಯ ಜಾಗದಲ್ಲೇ ಬೇರೆತ್ತಲೋ ಮುಖಮಾಡಿ ನಿಂತಿದ್ದಿತು. ಅಂಕಿಗಳ ಗುಂಪಿನ ಸೊನ್ನೆಯನ್ನು ಒತ್ತಿದರೆ ಕ್ಯಾಮರಾ ಕಾಣುವುದನ್ನೇ ನಾವೂ ಕಾಣಬಹುದು. ಕಂಟ್ರೋಲ್, ಆಲ್ಟ್, ಸೊನ್ನೆ ಈ ಮೂರನ್ನೂ ಕೂಡಿಸಿ ಒತ್ತಿದರೆ ಕ್ಯಾಮರಾವೇ ನಮ್ಮ ನೋಟದ ಸ್ಥಾನಕ್ಕೆ ಬರುತ್ತದೆ. ತೆರೆಯ ಮೇಲ್ಭಾಗದಲ್ಲಿ ಅನಿಮೇಶನ್ ಎಂಬ ಹೆಸರಿನ ಕಾರ್ಯಾಂಗಣವನ್ನು ತೆರೆದರೆ ಎಡಗಡೆಯಲ್ಲಿ ಕ್ಯಾಮರಾದ ನೋಟ, ಬಲಗಡೆಯಲ್ಲಿ ನಮ್ಮ ನೋಟ, ಎರಡೂ ಒಟ್ಟಿಗೆ ದೊರೆಯುತ್ತವೆ. ಬಲಗಡೆಯಲ್ಲಿ ಮನಬಂದಂತೆ ತಿರುಗಾಡಬಹುದು. ಎಡಗಡೆಯದು ಅದರಿಂದ ಕದಲುವುದಿಲ್ಲ.

ರಜೆಯಲ್ಲಿ ಮಾಡತಕ್ಕ ಅಭ್ಯಾಸ: ಒಂದು ಮೇಜು, ಅದರ ಮೇಲೊಂದು ತಂಬಿಗೆ, ಇಷ್ಟನ್ನೇ ರಚಿಸಿರಿ. ತಂಬಿಗೆಯು ಮೇಜಿನ ಮೇಲೆಯೇ ಇದೆಯೆಂಬುದನ್ನು 1, 3, 7 ಈ ಮೂರು ನೋಟಗಳಲ್ಲಿಯೂ ತಂದೆತಾಯಿಗಳಿಗೆ ತೋರಿಸಿರಿ. ಎಫ್ 12ನ್ನು ಒತ್ತುವುದು ಆ ಮೇಲೆ.